ಗೋಡೆಯ ಸಾಕೆಟ್ಟಿನಿಂದ ಶುರುವಾಗುವ ಕಂಪ್ಯೂಟರ್

ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳಬೇಕೆಂದು ಹೊರಟ ಹುಡುಗರನ್ನು ಮಾತಾಡಿಸಿ ನೋಡಿ. ಮಾತು ಶುರುವಾಗುವುದೇ ಪ್ರೊಸೆಸರಿನಿಂದ. ಐ5 ಹಾಕಲೋ ರೈಜನ್ ಹಾಕಲೋ, ಗ್ರಾಫಿಕ್ಸ್ ಕಾರ್ಡ್ ಯಾವುದು, ಒಳಗೆ ಬಣ್ಣಬಣ್ಣದ ದೀಪ ಬೇಕೋ ಬೇಡವೋ. ಯೂಟ್ಯೂಬಿನಲ್ಲಿ ಕಲಿಸುವವರೂ ಅಲ್ಲಿಂದಲೇ ಆರಂಭಿಸುತ್ತಾರೆ. ಅವರು ಕೂತಿರುವುದು ಏ.ಸಿ. ಕೋಣೆಯಲ್ಲಿ, ಅವರ ಗೋಡೆಯಿಂದ ಬರುವ ಕರೆಂಟಿಗೆ ಏರಿಳಿತದ ಚಾಳಿಯಿಲ್ಲ. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನಂಥ ಊರಿನಲ್ಲಿ ಈ ಪಟ್ಟಿಯನ್ನು ತಲೆಕೆಳಗು ಮಾಡಿ ಓದಬೇಕು. ಇಲ್ಲಿ ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟು, ಅದಾದ ಮೇಲೆ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ, ಅದಾದ ಮೇಲೆ ಧಗೆ ಮತ್ತು ಧೂಳು. ಪ್ರೊಸೆಸರಿನ ಸರದಿ ಇವೆಲ್ಲ ಮುಗಿದ ಮೇಲೆ.

ಮೊಬೈಲಿನ ಕಾಲದಲ್ಲಿ ಡೆಸ್ಕ್‌ಟಾಪ್ ಯಾರಿಗೆ ಬೇಕು ಎಂದು ಕೇಳುವವರು ಬಸ್ ಸ್ಟ್ಯಾಂಡಿನ ಸುತ್ತ ಒಮ್ಮೆ ಓಡಾಡಿ ಬರಲಿ. ಪಹಣಿ ತೆಗೆದುಕೊಡುವ, ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡುವ, ಸ್ಕಾಲರ್‌ಶಿಪ್ ಫಾರಂ ತುಂಬುವ ಆನ್‌ಲೈನ್ ಸೆಂಟರುಗಳು, ಮದುವೆ ಕಾರ್ಡು ಮಾಡುವ ಡಿಟಿಪಿ ಅಂಗಡಿ, ಆಲ್ಬಂ ತಿದ್ದುವ ಫೋಟೊ ಸ್ಟುಡಿಯೊ, ಎಲ್ಲವೂ ನಡೆಯುವುದು ಮೇಜಿನ ಕೆಳಗಿನ ಆ ಡಬ್ಬಿಯ ಮೇಲೆ. ಅದು ಕೆಟ್ಟರೆ ಅಂಗಡಿ ಬಂದ್. ‘ನಿನ್ನೆ ಕರೆಂಟ್ ಹೋಗಿ ಬಂತ್ರೀ, ಅವಾಗಿಂದ ಚಾಲೂನೇ ಆಗವಲ್ದು’ ಎಂಬ ಮಾತು ಈ ಕಡೆಯ ರಿಪೇರಿ ಅಂಗಡಿಗಳಿಗೆ ಹೊಸದೇನಲ್ಲ. ಬ್ರ್ಯಾಂಡೆಡ್ ಯಂತ್ರವಾದರೆ ಸರ್ವಿಸ್ ಸೆಂಟರಿಗಾಗಿ ಕಲಬುರಗಿಯನ್ನೋ ಹೈದರಾಬಾದನ್ನೋ ನೋಡಬೇಕು. ಬಿಡಿಭಾಗಗಳಿಂದ ಕಟ್ಟಿದ್ದಾದರೆ ಕೆಟ್ಟ ಭಾಗವನ್ನಷ್ಟೇ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ದೂರದ ಊರಿನವರು ಅಸೆಂಬಲ್ಡ್ ಕಂಪ್ಯೂಟರ್ ಕಡೆ ವಾಲಲು ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಕಾರಣ. ಉಳಿಯುವ ಹಣ ಆಮೇಲಿನ ಮಾತು. ಈಗೀಗ ಅದು ಉಳಿಯುವುದೂ ಅಷ್ಟಕ್ಕಷ್ಟೇ.

ಬಿಡಿಭಾಗಗಳು ಹೀಗೆ ಒಂದಕ್ಕೊಂದು ಹೊಂದುವುದರ ಹಿಂದೆ ಒಂದು ಕತೆಯಿದೆ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಮೊದಲ ಪಿಸಿ ಬಿಡುಗಡೆ ಮಾಡಿತು. ತರಾತುರಿಯಲ್ಲಿ ಸಿದ್ಧವಾದ ಯಂತ್ರ ಅದು. ಹಾಗಾಗಿ ಎಲ್ಲವನ್ನೂ ತಾನೇ ತಯಾರಿಸುವ ಹಳೆಯ ಪದ್ಧತಿಯನ್ನು ಬಿಟ್ಟು ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮ್ಮನ್ನು ಮೈಕ್ರೋಸಾಫ್ಟ್‌ನಿಂದ ತಂದಿತು. ಐಬಿಎಂನದ್ದೇ ಎನ್ನುವಂತೆ ಉಳಿದದ್ದು ಬಯೋಸ್ ಎಂಬ ಪುಟ್ಟ ತಂತ್ರಾಂಶ. ಮರುವರ್ಷವೇ ಕಾಂಪ್ಯಾಕ್ ಮೊದಲಾದ ಕಂಪನಿಗಳು ಅದರ ನಕಲು ಮಾಡದೆ, ಅದು ಮಾಡುವ ಕೆಲಸವನ್ನಷ್ಟೇ ಮಾಡುವ ಬೇರೆ ಬಯೋಸ್ ಬರೆದವು. ಅಲ್ಲಿಗೆ ಪಿಸಿ ಒಂದು ಕಂಪನಿಯ ಸ್ವತ್ತಾಗಿ ಉಳಿಯಲಿಲ್ಲ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಪಟ್ಟಿ ಕೊಟ್ಟಿತು: ಮದರ್‌ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಸ್ಕ್ರೂ ರಂಧ್ರಗಳು ಇಂಥಿಂಥ ಕಡೆ, ವಿದ್ಯುತ್ ಕನೆಕ್ಟರ್ ಇಂಥದ್ದು. ಅದರ ತಮ್ಮನಾದ ಮೈಕ್ರೋ ಎಟಿಎಕ್ಸ್ 244 ಮಿ.ಮೀ. ಚೌಕ. ತೈವಾನಿನ ಬೋರ್ಡು ಮತ್ತಾವುದೋ ದೇಶದ ಕ್ಯಾಬಿನೆಟ್ಟಿನಲ್ಲಿ, ಇನ್ನಾರದ್ದೋ ಎಸ್‌ಎಂಪಿಎಸ್ ಜೊತೆಗೆ ತಕರಾರಿಲ್ಲದೆ ಕೂರುವುದು ಈ ಪಟ್ಟಿಯಿಂದಾಗಿ. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳು ಇದನ್ನು ಪಾಲಿಸುವುದಿಲ್ಲ. ಅವುಗಳ ಎಸ್‌ಎಂಪಿಎಸ್ ಆಕಾರವೇ ಬೇರೆ, ಪಿನ್ನೇ ಬೇರೆ. ಕೆಟ್ಟಾಗ ಸಿಕ್ಕಿದ್ದನ್ನು ತಂದು ಹಾಕಲಾಗದು.

ಈಗ ಗೋಡೆಗೆ ಬರೋಣ. ಮೂರು ರಂಧ್ರದ ಸಾಕೆಟ್ಟಿನಲ್ಲಿ ಮೇಲಿನ ದಪ್ಪ ರಂಧ್ರ ಅರ್ಥಿಂಗ್‌ನದು. ಹಳೆಯ ಮನೆಗಳಲ್ಲಿ ಅದು ತೋರಿಕೆಗೆ ಇರುತ್ತದೆ, ಹಿಂದೆ ತಂತಿ ಇರುವುದಿಲ್ಲ. ಇದರ ಗುರುತು ಕೈಗೇ ಹತ್ತುತ್ತದೆ. ಶಹಾಬಾದಿ ಪರಸಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ. ಕಾರಣ ಎಸ್‌ಎಂಪಿಎಸ್ಸಿನ ಬಾಯಲ್ಲೇ ಇದೆ. ಕರೆಂಟಿನ ಗದ್ದಲ ಸೋಸಲು ಅಲ್ಲಿ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸಿನಿಂದ ಡಬ್ಬಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಡಬ್ಬಿಗೆ. ಅರ್ಥಿಂಗ್ ಇದ್ದರೆ ಸೋಸಿದ್ದೆಲ್ಲ ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಡಬ್ಬಿ ಇಬ್ಬರ ನಡುವೆ ಸಿಕ್ಕಿಬಿದ್ದು 230 ವೋಲ್ಟಿನ ಅರ್ಧದಷ್ಟು, ಅಂದರೆ 115ರ ಆಸುಪಾಸಿಗೆ ನಿಲ್ಲುತ್ತದೆ. ಹರಿಯುವ ಕರೆಂಟು ತೀರ ಕಡಿಮೆಯಾದ್ದರಿಂದ ಇಷ್ಟರಿಂದಲೇ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಪೆನ್‌ಡ್ರೈವ್, ಪ್ರಿಂಟರ್ ಕೇಬಲ್ ಚುಚ್ಚುವಾಗಿನ ಸಣ್ಣ ಕಿಡಿಗೆ ಯುಎಸ್‌ಬಿ ಪೋರ್ಟ್ ಬಲಿಯಾಗಬಹುದು. ಮೇಲಾಗಿ, ಎಸ್‌ಎಂಪಿಎಸ್ ಒಳಗೆ ಏನಾದರೂ ಶಾರ್ಟ್ ಆದ ದಿನ ಫ್ಯೂಸ್ ಹಾರಿಸಿ ನಮ್ಮನ್ನು ಕಾಯಬೇಕಾದ ದಾರಿಯೇ ಇಲ್ಲದಂತಾಗುತ್ತದೆ.

ಪರೀಕ್ಷೆ ಸುಲಭ, ಮಾಡಬೇಕಾದವರು ಮಾತ್ರ ಎಲೆಕ್ಟ್ರಿಷಿಯನ್. ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್ ನಡುವೆ 230ರ ಸುತ್ತಮುತ್ತ, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿಲ್ಲದಂತೆ ತೋರಿಸಬೇಕು. ಫೇಸ್–ಅರ್ಥ್ ಅಂಕಿ ಎಲ್ಲೋ ತೂಗಾಡುತ್ತಿದ್ದರೆ ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು–ಉಪ್ಪು ತುಂಬಿ, ಪೈಪು ಇಳಿಸಿ ತಂತಿ ಎಳೆಯುವುದೇ ಕಂಪ್ಯೂಟರ್ ಕಟ್ಟುವ ಮೊದಲ ಕೆಲಸ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಸೋಲುತ್ತದೆ; ಆಗಾಗ ಆ ಗುಂಡಿಗೆ ಒಂದೆರಡು ಕೊಡ ನೀರು ಸುರಿಯಬೇಕು.

ಎರಡನೆಯದು ಎಸ್‌ಎಂಪಿಎಸ್. ಗೋಡೆಯ 230 ವೋಲ್ಟ್ ಎ.ಸಿ.ಯನ್ನು 12, 5, 3.3 ವೋಲ್ಟ್‌ಗಳ ಡಿ.ಸಿ.ಯಾಗಿ ಇಳಿಸಿಕೊಡುವ ಭಾಗ ಇದು. ಜನ ಹೆಚ್ಚು ಕಂಜೂಸಿ ಮಾಡುವುದೂ ಇಲ್ಲೇ. ಅಗ್ಗದ ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಎಸ್‌ಎಂಪಿಎಸ್ಸನ್ನು ಕೈಯಲ್ಲಿ ತೂಗಿ ನೋಡಿ, ಹಗುರವಾಗಿರುತ್ತದೆ. ಒಳಗಿನ ಹೀಟ್‌ಸಿಂಕ್, ಕಾಯಿಲ್, ರಕ್ಷಣಾ ಸರ್ಕ್ಯೂಟುಗಳಲ್ಲಿ ಉಳಿಸಿದ್ದರ ಫಲ ಅದು. ಒಳ್ಳೆಯ ಎಸ್‌ಎಂಪಿಎಸ್ ಕೆಟ್ಟರೆ ತಾನು ಮಾತ್ರ ಕೆಡುತ್ತದೆ, ಕಳಪೆಯದು ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕೊಳ್ಳುವಾಗ ಸ್ಟಿಕ್ಕರಿನ ಎರಡು ಸಾಲು ಓದಿ. ಒಂದು, ಇನ್‌ಪುಟ್ ವೋಲ್ಟೇಜ್. 200–240 ಎಂದಿದ್ದರೆ ಸಂಜೆ ಪಂಪ್‌ಸೆಟ್ಟು, ಕೂಲರುಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ 180ಕ್ಕೆ ಇಳಿದಾಗ ಅದು ಕೈಚೆಲ್ಲುತ್ತದೆ. 100–240 ಎಂದಿರುವುದು ತಡೆದುಕೊಳ್ಳುತ್ತದೆ. ಇನ್ನೊಂದು, 80 ಪ್ಲಸ್ ಬ್ರಾಂಜ್ ಎಂಬ ಮುದ್ರೆ. ಅರ್ಧ ಹೊರೆಯಲ್ಲಿ ಎಳೆದ ವಿದ್ಯುತ್ತಿನ ಶೇ 85ರಷ್ಟನ್ನು ಕೆಲಸಕ್ಕೆ ಕೊಡುತ್ತದೆ ಎಂದರ್ಥ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಮ್ಮ ಕಡೆ ಬಿಸಿಗೆ ಕೊರತೆಯಿಲ್ಲದ ಕಾರಣ ಅದು ಕಡಿಮೆಯಾದಷ್ಟೂ ಒಳ್ಳೆಯದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಅಂಗಡಿ ಕಂಪ್ಯೂಟರ್ ಒಟ್ಟು 150 ವ್ಯಾಟ್ ದಾಟುವುದು ಅಪರೂಪ. ಒಳ್ಳೆಯ ಕಂಪನಿಯ 450 ವ್ಯಾಟಿನದು ಧಾರಾಳ ಸಾಕು.

ಯುಪಿಎಸ್ ವಿಷಯದಲ್ಲಿ ಲೆಕ್ಕ ಗೊತ್ತಿದ್ದರೆ ಮೋಸ ಹೋಗುವುದಿಲ್ಲ. ಡಬ್ಬಿಯ ಮೇಲೆ 600 ವಿಎ ಎಂದಿದ್ದರೆ ಸಿಗುವುದು ಸಾಮಾನ್ಯವಾಗಿ 360 ವ್ಯಾಟ್. ಒಳಗಿರುವುದು 12 ವೋಲ್ಟ್, 7 ಆಂಪಿಯರ್–ಅವರ್‌ನ ಒಂದು ಬ್ಯಾಟರಿ, ಎಂದರೆ 84 ವ್ಯಾಟ್–ಅವರ್. ನೂರು ವ್ಯಾಟ್ ಎಳೆಯುವ ಕಂಪ್ಯೂಟರಿಗೆ ನಷ್ಟ ಕಳೆದು ಕಾಲು ಗಂಟೆಯಷ್ಟು ಆಸರೆ. ಕೆಲಸ ಸೇವ್ ಮಾಡಿ ಬಂದ್ ಮಾಡಲು ಅಷ್ಟು ಸಾಕು, ಅರ್ಜಿ ತುಂಬುತ್ತ ಕೂರಲು ಸಾಲದು. ಮನೆಯಲ್ಲಿ ಇನ್ವರ್ಟರ್ ಇದ್ದವರು ಅದರ ಹಿಂದಿನ ಸ್ವಿಚ್ಚು ನೋಡಲಿ. ‘ಯುಪಿಎಸ್ ಮೋಡ್’ನಲ್ಲಿದ್ದರೆ ಕರೆಂಟು ಹೋದ ಕೆಲವೇ ಮಿಲಿ ಸೆಕೆಂಡಿನಲ್ಲಿ ಬ್ಯಾಟರಿಗೆ ಹೊರಳುತ್ತದೆ. ಇನ್ನೊಂದು ಮೋಡ್‌ನಲ್ಲಿ ನಿಧಾನ. ಎಸ್‌ಎಂಪಿಎಸ್ ಕರೆಂಟಿಲ್ಲದೆ ಉಸಿರು ಹಿಡಿದಿಡಬಲ್ಲದ್ದು ಸುಮಾರು 16 ಮಿಲಿ ಸೆಕೆಂಡು ಮಾತ್ರ. ಫ್ಯಾನು ತಿರುಗುತ್ತಲೇ ಇದ್ದರೂ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುವುದು ಇದರಿಂದಲೇ. ಬ್ಯಾಟರಿಗೆ ಧಗೆ ಆಗದು. 25 ಡಿಗ್ರಿಯ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ಕಸುಬಿನವರ ಲೆಕ್ಕ. ಯುಪಿಎಸ್ಸನ್ನು ಮೇಜಿನ ಮುಚ್ಚಿದ ಗೂಡಿನಲ್ಲಿಟ್ಟು, ಬ್ಯಾಟರಿ ಬಾಳಿಕೆ ಬರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಧಗೆ ಕಂಪ್ಯೂಟರಿನ ಒಳಗಿನ ಲೆಕ್ಕವನ್ನೂ ಬದಲಿಸುತ್ತದೆ. ಪ್ರೊಸೆಸರಿನ ಮೇಲಿನ ಕೂಲರ್ ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆ 25 ಡಿಗ್ರಿ ಇದ್ದಾಗ 65ರಲ್ಲಿ ಓಡುವ ಪ್ರೊಸೆಸರ್ ಕೋಣೆ 40 ಆದಾಗ 80ಕ್ಕೆ ಬರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯ ಹೊರಗಾಳಿಯೇ 42 ಮುಟ್ಟುತ್ತದೆ. ಧೂಳು ಹಿಡಿದ ಹೀಟ್‌ಸಿಂಕ್ ಇದಕ್ಕೆ ಸೇರಿದರೆ ಪ್ರೊಸೆಸರ್ 95–100ರ ಮಿತಿ ತಲುಪಿ ತನ್ನ ವೇಗವನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ. ‘ಮಧ್ಯಾಹ್ನ ಸ್ಲೋ ಆಗ್ತದ, ರಾತ್ರಿ ಚಲೋ ನಡೀತದ’ ಎಂದರೆ ವೈರಸ್ ಹುಡುಕುವ ಮೊದಲು ಹೀಟ್‌ಸಿಂಕ್ ನೋಡಿ. ಮುಂದೆ ಜಾಲರಿ ಇರುವ, ಧೂಳಿನ ಫಿಲ್ಟರ್ ಬಿಚ್ಚಿ ತೊಳೆಯಬಹುದಾದ ಕ್ಯಾಬಿನೆಟ್ ಆರಿಸಿ. ಮುಂದಿನಿಂದ ಗಾಳಿ ಒಳಕ್ಕೆ, ಹಿಂದಿನಿಂದ ಹೊರಕ್ಕೆ. ಒಳಗೆಳೆಯುವ ಫ್ಯಾನು ಒಂದು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಗಾಜಿನ ಮುಖ ಅಂದಕ್ಕೆ ಸರಿ, ನಮ್ಮ ಹವೆಗೆ ಸರಿಯಲ್ಲ. ತೊಗರಿ ರಾಶಿಯ ಕಾಲಕ್ಕೆ ಹಾರುವ ಹೊಟ್ಟು ಎಲ್ಲಿಗೂ ನುಗ್ಗುವುದರಿಂದ ಡಬ್ಬಿ ನೆಲದಿಂದ ಒಂದಡಿ ಮೇಲಿರಲಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು. ಹಿಂದಿನ ಖಾಲಿ ಸ್ಲಾಟ್‌ಗಳನ್ನು ಮುಚ್ಚದೆ ಬಿಟ್ಟರೆ ಹಲ್ಲಿ ಸಂಸಾರ ಹೂಡುತ್ತದೆ.

ಇಷ್ಟಾದ ಮೇಲೆ ಪ್ರೊಸೆಸರಿನ ಆಯ್ಕೆ ಹಗುರ. ಆನ್‌ಲೈನ್ ಸೆಂಟರಿಗೆ, ಓದುವ ಮಕ್ಕಳಿಗೆ ಐ3–12100 ಆಗಲಿ ರೈಜನ್ 5 5600ಜಿ ಆಗಲಿ ಬೇಕಾದಷ್ಟಾಯಿತು. ಎರಡರಲ್ಲೂ ಚಿತ್ರ ತೋರಿಸುವ ಗ್ರಾಫಿಕ್ಸ್ ಒಳಗೇ ಇದೆ. ಹೆಸರಿನ ಕೊನೆಯ ಅಕ್ಷರದ ಮೇಲೆ ಮಾತ್ರ ಕಣ್ಣಿರಲಿ. ಇಂಟೆಲ್‌ನಲ್ಲಿ ‘ಎಫ್’ ಎಂದಿದ್ದರೆ ಆ ಗ್ರಾಫಿಕ್ಸ್ ಇರುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ ಎಂದು 12100ಎಫ್ ತಂದವರಿಗೆ ಬೇರೆ ಕಾರ್ಡ್ ಹಾಕುವವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ. ಮದರ್‌ಬೋರ್ಡಿನ ಸಾಕೆಟ್ ಪ್ರೊಸೆಸರಿಗೆ, ರ್‍ಯಾಮ್ ಬೋರ್ಡಿಗೆ ಹೊಂದಬೇಕು. ಡಿಡಿಆರ್4 ಮತ್ತು ಡಿಡಿಆರ್5ರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒತ್ತಿದರೆ ಕೂರುವುದಿಲ್ಲ, ಇನ್ನೂ ಒತ್ತಿದರೆ ಮುರಿಯುತ್ತದೆ. ಒಂದೇ 16 ಜಿಬಿಗಿಂತ ಎರಡು 8 ಜಿಬಿ ಹಾಕಿದರೆ ಒಳಗಿನ ಗ್ರಾಫಿಕ್ಸ್ ಚುರುಕಾಗುತ್ತದೆ, ಒಂದು ಕೆಟ್ಟರೆ ಇನ್ನೊಂದರಲ್ಲಿ ಅಂಗಡಿ ನಡೆಯುತ್ತದೆ. ಬೆಲೆ ಮಾತ್ರ ಕೊಳ್ಳುವ ದಿನವೇ ಕೇಳಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಸಿಕ್ಕಿ 2025ರ ಕೊನೆಯಿಂದ ರ್‍ಯಾಮ್ ದರ ಜಿಗಿದು, ಹಳೆಯ ಲೆಕ್ಕಗಳನ್ನೆಲ್ಲ ಕೆಡಿಸಿದೆ.

ಕೊಳ್ಳುವುದೆಲ್ಲಿ? ಕನ್ನಡಿಗರಿಗೆ ಬಿಡಿಭಾಗದ ಪೇಟೆ ಎಂದರೆ ಬೆಂಗಳೂರಿನ ಎಸ್.ಪಿ. ರೋಡ್, ಸಾದರ ಪತ್ರಪ್ಪ ರಸ್ತೆ. ಗುರುಮಠಕಲ್ಲಿನವರಿಗೆ ಅದರ ಅರ್ಧಕ್ಕಿಂತ ಕಡಿಮೆ ದೂರದಲ್ಲಿ ಸಿಕಂದರಾಬಾದಿನ ಪಾರ್ಕ್‌ಲೇನ್ ಇದೆ. ಅಲ್ಲಿನ ಚೆನೋಯ್ ಟ್ರೇಡ್ ಸೆಂಟರ್, ಜನರ ಬಾಯಲ್ಲಿ ಸಿಟಿಸಿ, ಮಹಡಿ ಮಹಡಿಗೆ ಕಂಪ್ಯೂಟರ್ ಅಂಗಡಿಗಳಿರುವ ಕಟ್ಟಡ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಗೆ ದೊಡ್ಡ ಪೇಟೆ ಎಂದರೆ ಹೈದರಾಬಾದೇ ಆಗಿತ್ತು. ಕಂಪ್ಯೂಟರ್ ವಿಷಯದಲ್ಲೂ ಆ ದಾರಿ ಹಾಗೇ ಉಳಿದಿದೆ. ತೆಲುಗು, ಉರ್ದು ಎರಡೂ ನಡೆಯುವ ಗಡಿಯವರಿಗೆ ಅಲ್ಲಿ ಚೌಕಾಸಿಯೂ ಕಷ್ಟವಲ್ಲ. ಆದರೆ ಶೇ 18 ಜಿಎಸ್‌ಟಿ ಉಳಿಸಲು ಬಿಲ್ ಬೇಡವೆಂದರೆ ವಾರಂಟಿ ಕೈಬಿಟ್ಟಂತೆಯೇ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ ಕಂಪನಿಯ 3 ವರ್ಷದ ವಾರಂಟಿ ಇರುತ್ತದೆ. ಪೆಟ್ಟಿಗೆಯಿಲ್ಲದ ‘ಟ್ರೇ’ ಪ್ರೊಸೆಸರಿಗೆ ಅಂಗಡಿಯವರ ಬಾಯಿಮಾತೇ ಗತಿ. ಅದೇ ಓಣಿಗಳಲ್ಲಿ ಕಚೇರಿಗಳಿಂದ ಹೊರಬಿದ್ದ ಹಳೆಯ ನಾಲ್ಕನೇ ಜನರೇಷನ್ ಐ5ಗಳೂ ಅಗ್ಗಕ್ಕೆ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ಜನರೇಷನ್ನಿಗಿಂತ ಹಿಂದಿನದನ್ನು ಒಪ್ಪುವುದಿಲ್ಲ. ಲಿನಕ್ಸ್ ಹಾಕಿಕೊಳ್ಳುವವರು ಮಾತ್ರ ಅವನ್ನು ಕೊಳ್ಳಲಿ.

ಜೋಡಿಸುವ ಕೆಲಸಕ್ಕೆ ಒಂದು ಸ್ಟಾರ್ ಸ್ಕ್ರೂಡ್ರೈವರ್, ಗಟ್ಟಿಮುಟ್ಟಾದ ಮೇಜು, ಒಳ್ಳೆಯ ಬೆಳಕು ಸಾಕು. ಒಣಹವೆಯ ತಿಂಗಳುಗಳಲ್ಲಿ ನೈಲಾನ್ ಬಟ್ಟೆಯಲ್ಲಿ ಸ್ಥಾಯಿ ವಿದ್ಯುತ್ ತುಂಬಿಕೊಳ್ಳುತ್ತದೆ. ಹತ್ತಿಬಟ್ಟೆ ಹಾಕಿ, ಆಗಾಗ ಕ್ಯಾಬಿನೆಟ್ಟಿನ ಲೋಹ ಮುಟ್ಟುತ್ತಿರಿ. ಫ್ಯಾನು ಬಂದ್ ಇರಲಿ, ಸ್ಕ್ರೂ ಹಾರಿದರೆ ಸಿಗುವುದಿಲ್ಲ.

ಎಲ್ಲವನ್ನೂ ನೇರ ಡಬ್ಬಿಗೆ ತುಂಬಬೇಡಿ. ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಹೊರಗೇ ಚಾಲೂ ಮಾಡಿ ನೋಡುವುದು ಜಾಣತನ. ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಳಿಬಿಡಬೇಕು, ಒತ್ತಬಾರದು. ಇಂಟೆಲ್‌ನ ಸಾಕೆಟ್ಟಿನಲ್ಲಿ ಪಿನ್ನುಗಳಿರುವುದು ಬೋರ್ಡಿನ ಮೇಲೆ; ಕೂದಲಿನಷ್ಟು ನವಿರು, ಬಾಗಿದರೆ ವಾರಂಟಿಯೂ ಬಾಗುತ್ತದೆ. ಲಿವರ್ ಕೆಳಗೊತ್ತುವಾಗ ಕಿರ್ ಎಂಬ ಸದ್ದು ಬರುತ್ತದೆ, ಹೆದರಬೇಕಿಲ್ಲ. ಜೊತೆಗೆ ಬಂದ ಕೂಲರಿಗೆ ಪೇಸ್ಟ್ ಮೊದಲೇ ಹಚ್ಚಿರುತ್ತಾರೆ. ಬಿಚ್ಚಿ ಮತ್ತೆ ಹಾಕುವಾಗ ಹಳೆಯದನ್ನು ಒರೆಸಿ, ವೀಳ್ಯದೆಲೆಗೆ ಸುಣ್ಣ ಸವರುವಷ್ಟೇ ಹೊಸದನ್ನು ಹಚ್ಚಿ. ನಾಲ್ಕು ಸ್ಲಾಟ್ ಇದ್ದರೆ ರ್‍ಯಾಮ್ ಎರಡನೆಯ ಮತ್ತು ನಾಲ್ಕನೆಯದಕ್ಕೆ, ಟಕ್ ಎನ್ನುವವರೆಗೆ. ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮಲಗಿಸಿ, ಪುಟ್ಟ ಸ್ಕ್ರೂ ಬಿಗಿಯಿರಿ. 24 ಪಿನ್ನಿನ ದೊಡ್ಡ ಕನೆಕ್ಟರ್ ಜೊತೆಗೆ ಪ್ರೊಸೆಸರ್ ಪಕ್ಕದ ನಾಲ್ಕು ಇಲ್ಲವೆ ಎಂಟು ಪಿನ್ನಿನದನ್ನೂ ಹಾಕಬೇಕು. ಹೊಸಬರು ಮರೆಯುವುದು ಇದನ್ನೇ.

ಇನ್ನು ‘ಪವರ್ ಎಸ್‌ಡಬ್ಲ್ಯು’ ಎಂದು ಬರೆದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಕ್ಷಣಕಾಲ ತಾಗಿಸಿ. ಫ್ಯಾನು ತಿರುಗುತ್ತದೆ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಚುಕ್ಕಿ ದೀಪಗಳಿದ್ದರೆ ಒಂದೊಂದಾಗಿ ಹತ್ತಿ ಆರುತ್ತ ಹೋಗುತ್ತವೆ. ಎಲ್ಲಿ ನಿಂತಿತೋ ಕೊರತೆ ಅಲ್ಲಿದೆ. ಡಿಡಿಆರ್5 ಬೋರ್ಡು ಮೊದಲ ಸಲ ಮೆಮೊರಿಯನ್ನು ಅಳೆದು ಹೊಂದಿಸಿಕೊಳ್ಳಲು ನಿಮಿಷಗಟ್ಟಲೆ ಕಪ್ಪು ಪರದೆ ತೋರಿಸಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಬಯೋಸ್ ಪರದೆ ಬಂತೆಂದರೆ ಎಲ್ಲ ಬಿಚ್ಚಿ ಕ್ಯಾಬಿನೆಟ್ಟಿಗೆ ಸೇರಿಸುವುದು. ಹಿಂದಿನ ಪೋರ್ಟುಗಳ ತಗಡನ್ನು ಬೋರ್ಡಿಗಿಂತ ಮೊದಲು ಕೂರಿಸಬೇಕು. ಬೋರ್ಡಿನ ಕೆಳಗೆ ಹಿತ್ತಾಳೆಯ ಪುಟ್ಟ ಕಂಬಗಳು ರಂಧ್ರವಿರುವ ಕಡೆ ಮಾತ್ರ ಇರಬೇಕು. ಒಂದು ಹೆಚ್ಚಾಗಿದ್ದರೂ ಬೋರ್ಡು ಶಾರ್ಟ್ ಆಗುತ್ತದೆ.

ಕನ್ನಡದ ಕೆಲಸಕ್ಕೆ ಈಗ ದೊಡ್ಡ ತಯಾರಿ ಬೇಕಿಲ್ಲ. ಉಬುಂಟು ಹಾಕಿದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಕಗಪ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಸರ್ಕಾರಿ ಅರ್ಜಿಗಳ ಜಾಲತಾಣಗಳು ಬ್ರೌಸರಿನಲ್ಲಿ ತೆರೆಯುತ್ತವೆ. ಹಳೆಯ ನುಡಿ ಫಾಂಟುಗಳಲ್ಲಿ ಪೇಜ್‌ಮೇಕರ್ ಕಡತಗಳನ್ನು ಕೂಡಿಟ್ಟಿರುವ ಡಿಟಿಪಿಯವರು ಮಾತ್ರ ವಿಂಡೋಸ್ ಬಿಡಲಾರರು.

ಈ ಕೆಲಸ ಕಲಿಯಲು ಹೊಸ ಭಾಗಗಳನ್ನೇ ಕೊಳ್ಳಬೇಕೆಂದಿಲ್ಲ. ಶಾಲೆ, ಕಾಲೇಜು, ಪಂಚಾಯಿತಿ ಕಚೇರಿಗಳ ಮೂಲೆಯಲ್ಲಿ ‘ಕೆಟ್ಟಿದೆ’ ಎಂಬ ಚೀಟಿ ಹೊತ್ತ ಡಬ್ಬಿಗಳು ಎಲ್ಲ ತಾಲ್ಲೂಕಿನಲ್ಲೂ ಕಾಣುತ್ತವೆ. ಗುಜರಿಗೆ ಹಾಕುವ ಮೊದಲು, ಪ್ಲಗ್ ಕಿತ್ತು, ಮೂರು ಪರೀಕ್ಷೆ ಮಾಡಿಸಬಹುದು. ಬೋರ್ಡಿನ ಮೇಲಿನ 3 ವೋಲ್ಟಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸುವುದು. ರ್‍ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ಎಸ್‌ಎಂಪಿಎಸ್ಸನ್ನು ಬೋರ್ಡಿನಿಂದ ಬಿಡಿಸಿ, 24 ಪಿನ್ನಿನಲ್ಲಿ ಹಸಿರು ತಂತಿಯನ್ನು ಕಪ್ಪಿಗೆ ಜೋಡಿಸಿ, ಆಮೇಲೆ ಕರೆಂಟು ಕೊಟ್ಟು ಫ್ಯಾನು ತಿರುಗುತ್ತದೆಯೇ ನೋಡುವುದು. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರಬಹುದು. ಐಟಿಐ, ಪಿಯು ಹುಡುಗ ಹುಡುಗಿಯರು ಒಬ್ಬ ಮೇಷ್ಟ್ರ ನಿಗಾದಲ್ಲಿ ಒಂದು ಶನಿವಾರ ಮಧ್ಯಾಹ್ನ ಮಾಡಿ ಮುಗಿಸಬಹುದಾದ ಕೆಲಸ ಇದು. ಅಲ್ಲಿ ಕೈ ಪಳಗಿದವರು ಮುಂದೆ ಊರಿನ ಆನ್‌ಲೈನ್ ಸೆಂಟರಿನ ಕಂಪ್ಯೂಟರನ್ನು ಹೈದರಾಬಾದಿಗೆ ಹೊತ್ತುಕೊಂಡು ಹೋಗುವ ಬದಲು, ಯಾವ ಭಾಗ ತರಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಾರು.